ಬಚ್ಚಲುಮನೆಗೆ ಬಂದ ಸರ್ಕಾರ

ಕರೆಂಟ್ ಬಿಲ್ಲು ಕೈಗೆ ಬಂದಾಗ ನಮ್ಮ ಕಣ್ಣು ಹೋಗುವುದು ಕೆಳಗಿನ ಮೊತ್ತಕ್ಕೆ. ಒಂದು ಸಲ ಮೇಲಿನ ಆರ್.ಆರ್. ನಂಬರನ್ನೂ ನೋಡಿ. ಪಶ್ಚಿಮ ಬೆಂಗಳೂರಿನ ಹಳೆಯ ಮನೆಯಾದರೆ ಮೊದಲಿಗೆ ‘ಡಬ್ಲ್ಯು’, ಬೆನ್ನಿಗೊಂದು ಅಂಕಿ, ಆಮೇಲೆ ‘ಇ.ಎಚ್.’ ಅನ್ನುವ ಎರಡಕ್ಷರ ಇರುವುದುಂಟು. ಹೀಟಿಂಗ್ ಮೀಟರಿನ ಕಾಲದ ಪಳೆಯುಳಿಕೆ ಅದು. ಕರ್ನಾಟಕ ವಿದ್ಯುತ್ ಮಂಡಳಿ, ಅಂದರೆ ಕೆ.ಇ.ಬಿ., ಆಳುತ್ತಿದ್ದ ದಿನಗಳಲ್ಲಿ ಬೆಂಗಳೂರಿನ ಮನೆಗಳಲ್ಲಿ ಎರಡು ಜಾತಿ: ಎ.ಇ.ಎಚ್. ಮತ್ತು ನಾನ್-ಎ.ಇ.ಎಚ್. ಆಲ್ ಎಲೆಕ್ಟ್ರಿಕ್ ಹೋಮ್ ಎಂದರೆ ದೀಪಕ್ಕೆ ಮಾತ್ರವಲ್ಲ, ಅಡುಗೆಗೂ ಸ್ನಾನದ ನೀರಿಗೂ ಕರೆಂಟು ಬಳಸುವ ಮನೆ. ಅದಕ್ಕೆ ಬೇರೆ ದರ, ದಪ್ಪ ವೈರು, ಮೂರು ತೂತಿನ ದೊಡ್ಡ ಪ್ಲಗ್ಗು. ಉಳಿದವರದು ಬರೀ ಲೈಟಿಂಗ್. ಬಾಡಿಗೆಗೆ ಮನೆ ತೋರಿಸುವವರು “ಎ.ಇ.ಎಚ್. ಇದೆ” ಎಂದು ಗತ್ತಿನಿಂದ ಹೇಳುತ್ತಿದ್ದರು, ಇವತ್ತು ಕಾರ್ ಪಾರ್ಕಿಂಗ್ ಇದೆ ಎಂದು ಹೇಳುವ ಹಾಗೆ.

ಫ್ರಿಜ್ಜಿನ ಬಾಗಿಲಿಗೆ ನಕ್ಷತ್ರದ ಚೀಟಿ ಅಂಟುವುದಕ್ಕೆ ಎಷ್ಟೋ ವರ್ಷ ಮೊದಲೇ ಸರ್ಕಾರ ನಮ್ಮ ಮನೆಗಳನ್ನು ಕರೆಂಟಿನ ಲೆಕ್ಕದಲ್ಲಿ ವಿಂಗಡಿಸಿತ್ತು. ಆ ವಿಂಗಡಣೆಯ ಗೆರೆ ಎಳೆದದ್ದು ಫ್ರಿಜ್ಜಾಗಲಿ ಟಿ.ವಿ.ಯಾಗಲಿ ಅಲ್ಲ, ಬಿಸಿನೀರು. ಗೃಹಬಳಕೆಯ ಉಪಕರಣಗಳಿಗೆ ಸರ್ಕಾರ ಹಾಕಿದ ನಿಯಮಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ದೆಹಲಿಯಿಂದ ಶುರು ಮಾಡುತ್ತಾರೆ. ಈ ಊರಿನ ಮಟ್ಟಿಗೆ ಅದು ಬಚ್ಚಲುಮನೆಯಿಂದ ಶುರುವಾಗಬೇಕು.

ಪಶ್ಚಿಮ ಬೆಂಗಳೂರಿನ ಬಿನ್ನಿಪೇಟೆಯ ವಠಾರಗಳು ಆಗ ಹೆಚ್ಚೂಕಡಿಮೆ ನಾನ್-ಎ.ಇ.ಎಚ್. ಪ್ರಪಂಚ. ಸಾಲು ಮನೆಗಳು, ಹಿಂದೆ ಒಂದು ಬಚ್ಚಲು, ಒಲೆಯ ಮೇಲೆ ಕೂರಿಸಿದ ಹಂಡೆ. ಮಾಗಡಿ ರಸ್ತೆಯ ಸೌದೆ ಡಿಪೋದಿಂದ ತಂದ ಸೌದೆ, ಅದಿಲ್ಲದಿದ್ದರೆ ಹೊಟ್ಟು, ಕರಟ. ಗಿರಣಿಯ ಬೆಳಗಿನ ಪಾಳಿಗೆ ಹೋಗುವವರಿಗೆ ಮೊದಲ ನೀರು, ಶಾಲೆಯ ಮಕ್ಕಳಿಗೆ ಆಮೇಲಿನದು, ಒಲೆಗೆ ಸೌದೆ ಒಟ್ಟಿದ ಹೆಂಗಸರಿಗೆ ತಳದಲ್ಲಿ ಉಳಿದದ್ದು. ದೀಪಾವಳಿಯ ಮೊದಲ ದಿನ ನೀರು ತುಂಬುವ ಹಬ್ಬ. ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ಕುತ್ತಿಗೆಗೆ ಬಳ್ಳಿ ಸುತ್ತಿ ಪೂಜೆ ಮಾಡುತ್ತಿದ್ದರು. ಹಂಡೆ ಹೋಗಿ ಎಷ್ಟೋ ಕಾಲವಾದರೂ ಆ ದಿನ ಗೀಸರಿಗೇ ಕುಂಕುಮ ಇಟ್ಟು ಕೈಮುಗಿಯುವ ಮನೆಗಳನ್ನು ನಾನು ಕಂಡಿದ್ದೇನೆ. ನಗಬೇಡಿ. ಮನೆಯಲ್ಲಿ ಅತಿ ಹೆಚ್ಚು ಕರೆಂಟು ನುಂಗುವ ದೇವರು ಅದೇ.

ಪೇಟೆಗೆ ಹೆಸರು ಕೊಟ್ಟ ಗಿರಣಿ ಕರೆಂಟಿಗಿಂತ ಹಿರಿದು. ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ 1884ರಲ್ಲಿ ಹುಟ್ಟಿತು, ಬೇಗನೆ ಮದರಾಸಿನ ಬಿನ್ನಿ ಕಂಪನಿಯ ಕೈಸೇರಿತು. ಜನರ ಬಾಯಲ್ಲಿ ಅದು ಬಿನ್ನಿ ಮಿಲ್, ಸುತ್ತಲಿನದು ಬಿನ್ನಿಪೇಟೆ. ಶಿವನಸಮುದ್ರದ ಕರೆಂಟು 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅದಕ್ಕಾಗಿ ಓಡಾಡಿದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿದಿರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿಗೆ ದೀಪ ಬಂದದ್ದು 1905ರ ಆಗಸ್ಟ್ 5ರಂದು, ಈಗಿನ ಕೆ.ಆರ್. ಮಾರುಕಟ್ಟೆಯ ಬಳಿ. ಬಿನ್ನಿಪೇಟೆಯಿಂದ ಕಾಟನ್‌ಪೇಟೆಯ ಮೇಲೆ ನಡೆದು ಹೋದರೆ ಅರ್ಧ ಗಂಟೆಯ ದಾರಿ. ದೇಶದಲ್ಲೇ ಮೊದಲು ಕರೆಂಟು ಕಂಡ ಊರು ನಮ್ಮದು ಎಂಬ ಹೆಮ್ಮೆಯ ಮಾತು ಆಗಾಗ ಕೇಳಿಬರುತ್ತದೆ. ಅದು ನಿಜವಲ್ಲ. ಡಾರ್ಜಿಲಿಂಗಿನಲ್ಲಿ 1897ರಲ್ಲೇ ಜಲವಿದ್ಯುತ್ತಿತ್ತು, ಕಲ್ಕತ್ತೆಗೆ 1899ರಲ್ಲಿ ಬಂದಿತ್ತು. ಆದರೆ ಶಿವನಸಮುದ್ರದಿಂದ ಕೋಲಾರದ ಗಣಿಗೆ, ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು ಒಯ್ದದ್ದು ಆ ಕಾಲಕ್ಕೆ ನಿಜವಾಗಿಯೂ ದೊಡ್ಡದು. ಹೆಮ್ಮೆ ಪಡಲು ಅಷ್ಟು ಸಾಕು.

ಆಮೇಲಿನ ಅರವತ್ತು ವರ್ಷ ಕರೆಂಟಿನ ಕಥೆಯೆಲ್ಲ ಇನ್ನಷ್ಟು ಉತ್ಪಾದಿಸುವ ಕಥೆ. ಶಿಂಷಾ, ಜೋಗ, ಕೊನೆಗೆ ಶರಾವತಿ. ಮಲ್ಲೇಶ್ವರದ ಆಚೆ 1936ರಲ್ಲಿ ಶುರುವಾದ ಮೈಸೂರು ಲ್ಯಾಂಪ್ ವರ್ಕ್ಸ್ ಮನೆಮನೆಗೆ ಬಲ್ಬು ಕೊಟ್ಟಿತು. ಆ ಬಲ್ಬು ಹೀರುವ ಕರೆಂಟಿನಲ್ಲಿ ಬೆಳಕಾಗುವುದು ನೂರಕ್ಕೆ ಐದು ಪಾಲು ಆದರೆ ಹೆಚ್ಚು, ಉಳಿದದ್ದೆಲ್ಲ ಶಾಖ. ಅದನ್ನು ತಪ್ಪೆಂದು ಯಾರೂ ಎಣಿಸಲಿಲ್ಲ. ಶರಾವತಿಯ ಘಟಕವನ್ನು 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ನಾಡಿಗೆ ಒಪ್ಪಿಸಿದ ಮೇಲಂತೂ ರಾಜ್ಯದಲ್ಲಿ ಕರೆಂಟು ಧಾರಾಳ. ನೆರೆ ರಾಜ್ಯಗಳಿಗೂ ಮಾರುವಷ್ಟು. ಎ.ಇ.ಎಚ್. ಮನೆಗಳ ಗತ್ತಿನ ಹಿಂದೆ ಇದ್ದದ್ದು ಈ ಧಾರಾಳ.

ಅದು ಬಹಳ ಕಾಲ ಬಾಳಲಿಲ್ಲ. ಮಳೆ ಕೈಕೊಟ್ಟರೆ ಶರಾವತಿ ಕೈಕೊಡುತ್ತಿತ್ತು. ರಾಯಚೂರಿನ ಕಲ್ಲಿದ್ದಲು ಸ್ಥಾವರ 1985ರಲ್ಲಿ ಶುರುವಾದರೂ ಸಾಲಲಿಲ್ಲ. ಎಂಬತ್ತರ ದಶಕದಲ್ಲಿ ಬೆಳೆದವರಿಗೆ ಪವರ್ ಕಟ್ ಎಂದರೆ ಏನೆಂದು ಹೇಳಬೇಕಾಗಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ, ಸೀಮೆಎಣ್ಣೆ ದೀಪ, ಬೀದಿಗೆ ಬಂದು ಕಟ್ಟೆಯ ಮೇಲೆ ಕೂತ ವಠಾರವೆಲ್ಲ. ಆಗ, 1987ರಲ್ಲಿ, ಸರ್ಕಾರದ ಸಮಿತಿಯೊಂದು ರಾಜ್ಯಕ್ಕೆ ದೀರ್ಘಾವಧಿಯ ವಿದ್ಯುತ್ ಯೋಜನೆ ಬರೆಯಿತು. ಹಳೆಯ ಬೆಳವಣಿಗೆಯ ಗೆರೆಯನ್ನು ಹಾಗೇ ಮುಂದಕ್ಕೆ ಎಳೆದು, 2000ನೇ ಇಸವಿಗೆ ಕರ್ನಾಟಕಕ್ಕೆ ಸುಮಾರು 9,400 ಮೆಗಾವ್ಯಾಟ್ ಸಾಮರ್ಥ್ಯ, 4,750 ಕೋಟಿ ಯೂನಿಟ್ ಬೇಕೆಂದಿತು. ಕಲ್ಲಿದ್ದಲು, ಅಣೆಕಟ್ಟು, ಕೈಗಾದ ಅಣುಸ್ಥಾವರ ಎಲ್ಲವೂ ಆ ಲೆಕ್ಕದೊಳಗೆ ಬರಬೇಕಿತ್ತು. ಅಷ್ಟೆಲ್ಲ ಕಟ್ಟಿದರೂ ಕೊರತೆ ತೀರುವುದಿಲ್ಲ ಎಂದು ಅದೇ ವರದಿ ಒಪ್ಪಿಕೊಂಡಿತ್ತು.

ಈ ಲೆಕ್ಕವನ್ನು ಕೈಗೆತ್ತಿಕೊಂಡವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಊರಿನವರ ಬಾಯಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿದ್ದ ಅಮೂಲ್ಯ ಕೆ.ಎನ್. ರೆಡ್ಡಿ. ಬೆಂಗಳೂರಿನಲ್ಲೇ 1930ರಲ್ಲಿ ಹುಟ್ಟಿದವರು. ಕಸುಬಿನಿಂದ ವಿದ್ಯುತ್ ರಸಾಯನ ವಿಜ್ಞಾನಿ. ಅದೇ ಕ್ಷೇತ್ರದ ಬೋಕ್ರಿಸ್ ಜೊತೆಗೂಡಿ ಬರೆದ ಅವರ ಪಠ್ಯಪುಸ್ತಕವನ್ನು ಜಗತ್ತಿನ ವಿದ್ಯಾರ್ಥಿಗಳು ಓದುತ್ತಿದ್ದರು. ಅಂಥವರು 1974ರಲ್ಲಿ ಪ್ರಯೋಗಾಲಯ ಬಿಟ್ಟು ಹಳ್ಳಿಗಳ ಕಡೆ ತಿರುಗಿದರು. ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ನಮ್ಮ ಹಳ್ಳಿಗಳಲ್ಲಿ ಹೆಸರಾದ ಅಸ್ತ್ರ ಒಲೆ ಅಲ್ಲಿಯದೇ. ಕುಣಿಗಲ್ ತಾಲ್ಲೂಕಿನ ಉಂಗ್ರ, ಪುರ ಎಂಬ ಹಳ್ಳಿಗಳಲ್ಲಿ ಅವರ ತಂಡ ಒಂದೊಂದು ಮನೆಯಲ್ಲೂ ಎಷ್ಟು ಸೌದೆ ಉರಿಯುತ್ತದೆ, ಅದನ್ನು ತರಲು ಹೆಂಗಸರೂ ಮಕ್ಕಳೂ ಎಷ್ಟು ಹೊತ್ತು ನಡೆಯುತ್ತಾರೆ ಎಂದು ಲೆಕ್ಕ ಹಾಕಿತು. ಕೋಟಿ ಯೂನಿಟ್ಟುಗಳ ಯೋಜನೆಯನ್ನು ರೆಡ್ಡಿ ಓದಿದ್ದು ಆ ಸೌದೆ ಎಣಿಸಿದ ಕಣ್ಣಿನಿಂದ.

ಅವರ ಪ್ರಶ್ನೆ ಸರಳ. ಜನರಿಗೆ ಬೇಕಾದದ್ದು ಕರೆಂಟೇ? ಅಲ್ಲ. ಬೆಳಕು ಬೇಕು, ಬಿಸಿನೀರು ಬೇಕು, ಗದ್ದೆಗೆ ನೀರು ಬೇಕು. ಆ ಬೆಳಕನ್ನು, ಆ ಬಿಸಿನೀರನ್ನು ಕಡಿಮೆ ಕರೆಂಟಿನಲ್ಲಿ ಕೊಡಬಹುದಾದರೆ ಹೊಸ ಸ್ಥಾವರ ಯಾಕೆ? ಗ್ಲಾಡಿಸ್ ಸುಮಿತ್ರ, ಪಿ. ಬಾಲಚಂದ್ರ, ಆಂಟೊನೆಟ್ ಡಿಸಾ ಅವರೊಂದಿಗೆ ರೆಡ್ಡಿ ಕರ್ನಾಟಕಕ್ಕೆ ಬೇರೆಯೇ ಒಂದು ಲೆಕ್ಕ ಬರೆದರು. ಡಿಫೆಂಡಸ್ ಎಂದು ಅದಕ್ಕೆ ಹೆಸರು. ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ 1991ರ ಏಪ್ರಿಲ್‌ನಲ್ಲಿ ಅದನ್ನು ಎರಡು ಕಂತುಗಳಲ್ಲಿ ಪ್ರಕಟಿಸಿತು. ಕರೆಂಟಿಲ್ಲದ ಮನೆಗಳಿಗೆಲ್ಲ ಕರೆಂಟು ಕೊಟ್ಟೂ ಅವರ ಲೆಕ್ಕ ನಿಂತದ್ದು ಸುಮಾರು 1,790 ಕೋಟಿ ಯೂನಿಟ್ಟಿಗೆ, 4,000 ಮೆಗಾವ್ಯಾಟಿಗೆ. ಸರ್ಕಾರದ ಅಂಕಿಯ ಅರ್ಧಕ್ಕೂ ಕಡಿಮೆ. ಕೊರತೆಯಾಗಿ ಕಂಡದ್ದರಲ್ಲಿ ಎಷ್ಟೋ ಪಾಲು ಪೋಲಾಗುತ್ತಿದ್ದ ಕರೆಂಟೇ ಆಗಿತ್ತು. ಆ ಪೋಲು ಎಲ್ಲಿತ್ತು? ಪಂಪ್‌ಸೆಟ್ಟುಗಳಲ್ಲಿ, ಉರಿಬಲ್ಬಿನಲ್ಲಿ, ಎ.ಇ.ಎಚ್. ಮನೆಗಳ ಬಚ್ಚಲಿನಲ್ಲಿ. ಬಲ್ಬಿನ ಜಾಗಕ್ಕೆ ಸಿ.ಎಫ್.ಎಲ್., ಕರೆಂಟ್ ಒಲೆಯ ಜಾಗಕ್ಕೆ ಗ್ಯಾಸು, ಗೀಸರಿನ ಜಾಗಕ್ಕೆ ಸೋಲಾರ್ ಎಂದು ಅವರು ಬರೆದಾಗ ನಮ್ಮಲ್ಲಿ ಹೆಚ್ಚಿನವರು ಸಿ.ಎಫ್.ಎಲ್. ದೀಪವನ್ನು ಕಣ್ಣಲ್ಲೂ ನೋಡಿರಲಿಲ್ಲ.

ಬಿಸಿನೀರಿಗೆ ಅಷ್ಟೊಂದು ಮಹತ್ವ ಯಾಕೆ ಎಂದು ಯಾರಿಗಾದರೂ ಅನಿಸಿದರೆ ಒಂದು ಮನೆಲೆಕ್ಕ ಹಾಕಿ ನೋಡಬಹುದು. ಒಬ್ಬರ ಸ್ನಾನಕ್ಕೆ ಎರಡು ಬಕೆಟ್, ಅಂದರೆ 30 ಲೀಟರ್. ಬೆಂಗಳೂರಿನ ಚಳಿಗಾಲದ ಬೆಳಿಗ್ಗೆ ಟ್ಯಾಂಕಿನ ನೀರು 22 ಡಿಗ್ರಿ ಇದ್ದರೆ, ಅದನ್ನು 40 ಡಿಗ್ರಿಗೆ ಏರಿಸಲು ಬೇಕಾದದ್ದು ಸುಮಾರು 0.63 ಯೂನಿಟ್. ನಾಲ್ಕು ಜನರ ಮನೆಗೆ ದಿನಕ್ಕೆ ಎರಡೂವರೆ ಯೂನಿಟ್, ತಿಂಗಳಿಗೆ 75. ಅರವತ್ತು ಕ್ಯಾಂಡಲ್ಲಿನದು ಎಂದು ನಾವು ಕರೆಯುತ್ತಿದ್ದ 60 ವ್ಯಾಟಿನ ಬಲ್ಬು ಐದು ಗಂಟೆ ಉರಿದರೆ 0.3 ಯೂನಿಟ್. ಒಂದು ಮನೆಯ ಸ್ನಾನ, ಎಂಟು ಬಲ್ಬಿಗೆ ಸಮ. ಅದೂ ಇಡೀ ಊರು ಬೆಳಿಗ್ಗೆ ಆರರಿಂದ ಎಂಟರ ಒಳಗೇ ಸ್ನಾನ ಮುಗಿಸುತ್ತದೆ. ಬಲ್ಬು ಆರಿಸಿ ಎಂದು ಮಕ್ಕಳಿಗೆ ಗದರುವ ಅಪ್ಪಂದಿರು ಗೀಸರಿನ ಸ್ವಿಚ್ಚಿನ ಬಗ್ಗೆ ಸುಮ್ಮನಿರುವುದು ಎಷ್ಟು ವಿಚಿತ್ರ ಎಂದು ಈ ಲೆಕ್ಕ ಹಾಕಿದ ಮೇಲೆ ನನಗೆ ಅನಿಸಿತು.

ರೆಡ್ಡಿಯವರ ಲೆಕ್ಕ ಸರ್ಕಾರದ ಯೋಜನೆಯಾಗಲಿಲ್ಲ. ಹೊಸ ಸ್ಥಾವರಕ್ಕೆ ಶಂಕುಸ್ಥಾಪನೆ ಇರುತ್ತದೆ, ಕಲ್ಲಿನ ಮೇಲೆ ಹೆಸರು ಇರುತ್ತದೆ; ಉಳಿಸಿದ ಯೂನಿಟ್ಟಿಗೆ ಯಾವ ಮಂತ್ರಿ ಟೇಪು ಕತ್ತರಿಸುತ್ತಾರೆ? ಆದರೆ ಆ ವರ್ಷಗಳ ಕನ್ನಡನಾಡಿನಲ್ಲಿ ಕರೆಂಟು ಬರೀ ಎಂಜಿನಿಯರುಗಳ ವಿಷಯವಾಗಿ ಉಳಿದಿರಲಿಲ್ಲ. ಕೈಗಾ ಸ್ಥಾವರದ ವಿರುದ್ಧ ಶಿವರಾಮ ಕಾರಂತರು ತಮ್ಮ ಇಳಿವಯಸ್ಸಿನಲ್ಲಿ, 1989ರ ಲೋಕಸಭೆ ಚುನಾವಣೆಗೇ ನಿಂತರು. ಸೋತರು. ಕೈಗಾ ಬೇಡವೆಂದರೆ ಅದರ ಬದಲಿಗೆ ಏನು ಎಂಬ ಪ್ರಶ್ನೆಗೆ ಉತ್ತರ ಇದ್ದದ್ದು ಮಾತ್ರ ರೆಡ್ಡಿಯವರ ಕೋಷ್ಟಕಗಳಲ್ಲಿ.

ಹೊರಗಿನ ಜಗತ್ತಿನಲ್ಲಿ ಈ ದಾರಿ ಆಗಲೇ ತುಳಿದದ್ದಾಗಿತ್ತು. ಎಪ್ಪತ್ತರ ದಶಕದ ತೈಲ ಬಿಕ್ಕಟ್ಟಿನ ಬಿಸಿಗೆ ಕ್ಯಾಲಿಫೋರ್ನಿಯಾ ಫ್ರಿಜ್ಜುಗಳಿಗೆ ಕರೆಂಟಿನ ಮಿತಿ ಹಾಕಿತು. ಇಡೀ ಅಮೆರಿಕಕ್ಕೆ 1987ರಲ್ಲಿ ಅಂಥ ಕಾನೂನು ಬಂತು. ಜಪಾನ್ ತೊಂಬತ್ತರ ದಶಕದ ಕೊನೆಯಲ್ಲಿ, ಮಾರುಕಟ್ಟೆಯ ಅತ್ಯುತ್ತಮ ಯಂತ್ರವೇ ಮುಂದೆ ಎಲ್ಲರಿಗೂ ಅಳತೆಗೋಲು ಎಂದು ಸಾರಿತು. ನಮ್ಮಲ್ಲಿ ಸಂಸತ್ತು ಇಂಧನ ಸಂರಕ್ಷಣಾ ಕಾಯ್ದೆ ಮಾಡಿದ್ದು 2001ರಲ್ಲಿ. ಅದು 2002ರ ಮಾರ್ಚ್ 1ರಂದು ಜಾರಿಗೆ ಬಂತು. ಅದೇ ದಿನ ದೆಹಲಿಯಲ್ಲಿ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ, ಅಂದರೆ ಬಿ.ಇ.ಇ., ಹುಟ್ಟಿತು. ಕಾಯ್ದೆಯ 14ನೇ ಕಲಮು ಕೇಂದ್ರಕ್ಕೆ ಉಪಕರಣಗಳ ಮೇಲೆ ಅಧಿಕಾರ ಕೊಟ್ಟಿತು. 18ನೇ ಕಲಮು ರಾಜ್ಯಗಳಿಗೂ ನಿರ್ದೇಶನ ಹೊರಡಿಸುವ ಅಧಿಕಾರ ಕೊಟ್ಟಿತು. ಈ ಎರಡನೆಯದನ್ನು ನೆನಪಿಟ್ಟುಕೊಳ್ಳಿ. ನಮ್ಮ ಛಾವಣಿಗಳ ಮೇಲೆ ಏರಿದ್ದು ಅದೇ.

ನಕ್ಷತ್ರದ ಚೀಟಿ ಬಂದದ್ದು 2006ರ ಮೇ 18ರಂದು. ಮೊದಲು ಫ್ರಾಸ್ಟ್-ಫ್ರೀ ಫ್ರಿಜ್ಜು ಮತ್ತು ಟ್ಯೂಬ್‌ಲೈಟು, ಅದೂ ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದು. ಹನ್ನೊಂದು ದಿನ ಮೊದಲು, ಮೇ 7ರಂದು, ಅಮೂಲ್ಯ ರೆಡ್ಡಿ ಬೆಂಗಳೂರಿನಲ್ಲಿ ತೀರಿಕೊಂಡಿದ್ದರು. ಕಡ್ಡಾಯವಾದದ್ದು 2010ರ ಜನವರಿ 7ರಿಂದ, ನಾಲ್ಕಕ್ಕೆ: ಆ ಎರಡರ ಜೊತೆ ಕೊಠಡಿ ಏ.ಸಿ. ಮತ್ತು ಬೀದಿಯ ಟ್ರಾನ್ಸ್‌ಫಾರ್ಮರ್. ಆಮೇಲೆ ಒಂದೊಂದಾಗಿ ಬೇರೆಯವು ಸೇರಿದವು. ಮನೆಯಲ್ಲಿ ಹಗಲೂ ರಾತ್ರಿ ತಿರುಗುವ ಸೀಲಿಂಗ್ ಫ್ಯಾನು ಕಡ್ಡಾಯದ ಪಟ್ಟಿಗೆ ಬಂದದ್ದು 2023ರಲ್ಲಿ. 75 ವ್ಯಾಟಿನ ಹಳೆಯ ಫ್ಯಾನು ಕೊಡುವ ಗಾಳಿಯನ್ನೇ ಮೂವತ್ತು ಚಿಲ್ಲರೆ ವ್ಯಾಟಿನಲ್ಲಿ ಕೊಡುವ ಬಿ.ಎಲ್.ಡಿ.ಸಿ. ಫ್ಯಾನುಗಳು ಅದಾಗಲೇ ಅಂಗಡಿಯಲ್ಲಿದ್ದವು. ನಿಯಮ ಬಂದದ್ದು ತಡ, ಬಹಳ ತಡ.

ಚೀಟಿಯ ಬಗ್ಗೆ ಒಂದು ಮಾತು ಅಂಗಡಿಯವರು ಹೇಳುವುದಿಲ್ಲ. ನಕ್ಷತ್ರದ ಪಕ್ಕದಲ್ಲೇ ಅದು ಯಾವ ಅವಧಿಯ ನಕ್ಷತ್ರ ಎಂದು ಬರೆದಿರುತ್ತದೆ. ಕೆಲವು ವರ್ಷಕ್ಕೊಮ್ಮೆ ಬಿ.ಇ.ಇ. ಅಳತೆಗೋಲನ್ನು ಬಿಗಿ ಮಾಡುತ್ತದೆ. ಅಂದಿನ ಐದು ನಕ್ಷತ್ರದ ಯಂತ್ರ ಇಂದಿನ ಲೆಕ್ಕದಲ್ಲಿ ಮೂರಕ್ಕೆ ಇಳಿದಿರಬಹುದು. ಗೋದಾಮಿನಲ್ಲಿ ಉಳಿದ ಹಳೆಯ ಐದು ನಕ್ಷತ್ರವನ್ನು ಹಬ್ಬದ ರಿಯಾಯಿತಿಯಲ್ಲಿ ತಂದು ಬೀಗಿದವನು ನಾನೂ ಒಬ್ಬ. ನಕ್ಷತ್ರಕ್ಕಿಂತ ಅದರ ಕೆಳಗೆ ಸಣ್ಣದಾಗಿ ಬರೆದ ‘ವರ್ಷಕ್ಕೆ ಇಷ್ಟು ಯೂನಿಟ್’ ಎಂಬ ಅಂಕಿಯೇ ನಂಬತಕ್ಕದ್ದು.

ಈಗ ಬೆಂಗಳೂರಿಗೆ ಬರೋಣ. ಕೆ.ಇ.ಬಿ. 1999ರಲ್ಲಿ ಕೆ.ಪಿ.ಟಿ.ಸಿ.ಎಲ್. ಆಗಿ, 2002ರ ಜೂನ್‌ನಲ್ಲಿ ಅದರಿಂದ ಊರಿಗೆ ಕರೆಂಟು ಹಂಚುವ ಬೆಸ್ಕಾಂ ಬೇರೆಯಾಗಿತ್ತು. (ನಮ್ಮ ಕಡೆ ಹಿರಿಯರು ಇಂದಿಗೂ “ಕೆ.ಇ.ಬಿ.ಗೆ ಫೋನ್ ಮಾಡು” ಎನ್ನುವುದೇ.) ಹೊಸ ಕಂಪನಿ 2004ರ ಡಿಸೆಂಬರಿನಲ್ಲಿ ಒಂದು ಪ್ರಯೋಗಕ್ಕೆ ಇಳಿಯಿತು. ಉರಿಬಲ್ಬು ಹತ್ತು ರೂಪಾಯಿಗೆ ಸಿಗುತ್ತಿದ್ದಾಗ ಸಿ.ಎಫ್.ಎಲ್. ನೂರರ ಮೇಲಿತ್ತು. ಸಂಬಳದ ಕೊನೆಯ ವಾರದಲ್ಲಿ ಯಾರು ಅದನ್ನು ಕೊಳ್ಳುತ್ತಾರೆ? ಬೆಸ್ಕಾಂ ಹೇಳಿದ್ದು: ದೀಪ ತೆಗೆದುಕೊಂಡು ಹೋಗಿ, ದುಡ್ಡನ್ನು ತಿಂಗಳ ಬಿಲ್ಲಿನ ಜೊತೆ ಕಂತಿನಲ್ಲಿ ಕಟ್ಟಿ. ಉಳಿತಾಯದ ದುಡ್ಡಲ್ಲೇ ಕಂತು ತೀರುತ್ತದೆ. ಕರೆಂಟು ಮಾರುವ ಕಂಪನಿಯೇ ಕರೆಂಟು ಉಳಿಸುವ ದೀಪ ಮಾರಿಸಿದ್ದು ದೇಶಕ್ಕೆ ಹೊಸದು. ಕಿರಾಣಿ ಅಂಗಡಿಯ ಸಾಲದ ಪುಸ್ತಕ ಕಂಡ ಬಿನ್ನಿಪೇಟೆಯ ಜನರಿಗೆ ಮಾತ್ರ ಇದು ಚೆನ್ನಾಗಿ ಅರ್ಥವಾಗುವ ಮಾತು.

ಆಮೇಲೆ ಬಂತು ಬಚ್ಚಲಿನ ಕಾನೂನು. ಇಂಧನ ಇಲಾಖೆ 2007ರ ನವೆಂಬರ್ 13ರಂದು, 18ನೇ ಕಲಮಿನ ಅಧಿಕಾರ ಹಿಡಿದು ಒಂದು ಆದೇಶ ಹೊರಡಿಸಿತು. ನಗರಸಭೆ, ಪಾಲಿಕೆಗಳ ಮಿತಿಯೊಳಗೆ 600 ಚದರಡಿ ಮತ್ತು ಮೇಲ್ಪಟ್ಟು ಕಟ್ಟಿದ ಮನೆಗಳಿಗೆ, ಬಿ.ಡಿ.ಎ.ಯ 1,200 ಚದರಡಿ ಮತ್ತು ಮೇಲ್ಪಟ್ಟ ನಿವೇಶನಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ. 1,200 ಚದರಡಿ ಎಂದರೆ ಮೂವತ್ತು-ನಲವತ್ತರ ಸೈಟು. ಬೆಂಗಳೂರಿನ ಮಧ್ಯಮ ವರ್ಗದ ಜೀವಮಾನದ ಕನಸಿನ ಅಳತೆ. ಸರ್ಕಾರಿ ಕಟ್ಟಡಗಳಲ್ಲಿ ಉರಿಬಲ್ಬು ನಿಷೇಧ, ಕೃಷಿ ಪಂಪುಗಳಿಗೆ ಐ.ಎಸ್.ಐ. ಗುರುತು ಕಡ್ಡಾಯ ಎಂಬುದೂ ಅದೇ ಆದೇಶದಲ್ಲಿತ್ತು. ರೆಡ್ಡಿಯವರ 1991ರ ಪಟ್ಟಿಯ ಪಕ್ಕದಲ್ಲಿ ಈ ಆದೇಶವನ್ನು ಇಟ್ಟು ಓದಿದರೆ ಬಲ್ಬು, ಪಂಪು, ಬಿಸಿನೀರು, ಮೂರೂ ಅಲ್ಲಿವೆ. ಹದಿನಾರು ವರ್ಷ ತಡವಾಗಿ, ಹೆಸರಿಲ್ಲದೆ.

ಆ ತಾರೀಖಿನ ತಮಾಷೆಯನ್ನೂ ಹೇಳಿಬಿಡಬೇಕು. ಬಿ.ಎಸ್. ಯಡಿಯೂರಪ್ಪ ಮೊದಲ ಸಲ ಮುಖ್ಯಮಂತ್ರಿಯಾಗಿ ಪ್ರಮಾಣ ವಚನ ಸ್ವೀಕರಿಸಿದ್ದು ಹಿಂದಿನ ದಿನ, ನವೆಂಬರ್ 12. ರಾಜೀನಾಮೆ ಕೊಟ್ಟದ್ದು 19. ಏಳು ದಿನದ ಸರ್ಕಾರ. ಹಾಗೆಂದು ಇದು ಆ ಸರ್ಕಾರದ ಆತುರದ ಕೂಸು ಅಲ್ಲ. ಕಡತದ ಸಂಖ್ಯೆಯಲ್ಲೇ 2006 ಎಂದಿದೆ. ಸರ್ಕಾರಗಳು ಬೀಳುತ್ತಿದ್ದಾಗ, ರಾಷ್ಟ್ರಪತಿ ಆಳ್ವಿಕೆ ಬಂದು ಹೋಗುತ್ತಿದ್ದಾಗ, ಒಂದು ಕಡತ ಮೇಜಿನಿಂದ ಮೇಜಿಗೆ ತನ್ನ ಪಾಡಿಗೆ ನಡೆದು ಬಂದಿತ್ತು. ಕೊನೆಗೂ ಎಲ್ಲರಿಗಿಂತ ಗಟ್ಟಿಯಾಗಿ ಉಳಿದದ್ದು ಅದೇ.

ಯಾಕೆ ಗಟ್ಟಿ? ಕಾಯ್ದೆಯ ಭಯದಿಂದಲ್ಲ. ಹೊಸ ಮನೆಗೆ ಕರೆಂಟು ಸಂಪರ್ಕ ಬೇಕಾದರೆ ಸೋಲಾರ್ ಹಾಕಿದ್ದನ್ನು ಬೆಸ್ಕಾಂಗೆ ತೋರಿಸಬೇಕಿತ್ತು. ಗೃಹಪ್ರವೇಶದ ಮುಹೂರ್ತ ಇಟ್ಟುಕೊಂಡವನಿಗೆ ಮೀಟರು ಬೇಕೇಬೇಕು. ಚೀಟಿ ಅಂಟಿಸುವ ಕಾನೂನು ಕೊಳ್ಳುವವನ ಬುದ್ಧಿಗೆ ಬಿಟ್ಟದ್ದು. ಇದು ಮೀಟರಿನ ಬಾಗಿಲಲ್ಲೇ ನಿಂತು ಕೇಳಿತು. ಜೊತೆಗೊಂದು ಸಣ್ಣ ಬೆಲ್ಲದ ಚೂರು: ಸೋಲಾರ್ ಇದ್ದವರಿಗೆ ಯೂನಿಟ್ಟಿಗೆ 50 ಪೈಸೆ ರಿಯಾಯಿತಿ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ. ವಿಜಯನಗರದಿಂದ ಬಸವೇಶ್ವರನಗರ, ಕೆಂಗೇರಿಯವರೆಗೆ ಛಾವಣಿಗಳ ಮೇಲೆ ನೀಲಿ-ಕಪ್ಪು ಫಲಕ, ಅದರ ತಲೆಯ ಮೇಲೆ ಮಲಗಿದ ಉರುಳೆ ಟ್ಯಾಂಕು ಸಾಲಾಗಿ ಬಂದವು. ಮೊದಲು ತಾಮ್ರದ ಕೊಳವೆಯ ಚಪ್ಪಟೆ ಫಲಕ. ಆಮೇಲೆ ಅಗ್ಗದ ಗಾಜಿನ ಕೊಳವೆಗಳು. ಬಿಸಿಯಾದ ನೀರು ತಾನೇ ಮೇಲೇರುತ್ತದೆ, ತಣ್ಣಗಿನದು ಕೆಳಗಿಳಿಯುತ್ತದೆ. ಪಂಪು ಬೇಡ, ಮೋಟಾರು ಬೇಡ. ಹಂಡೆಯಷ್ಟೇ ಸರಳ ಯಂತ್ರ.

ತೊಂದರೆಗಳೂ ಅಷ್ಟೇ ಸರಳ. ಕಾವೇರಿ ನೀರು ಬಾರದ ಬಡಾವಣೆಗಳಲ್ಲಿ ಬೋರ್‌ವೆಲ್ಲಿನ ಗಡಸು ನೀರು ತಾಮ್ರದ ಕೊಳವೆಯೊಳಗೆ ಸುಣ್ಣ ಕಟ್ಟಿತು. ನಲ್ಲಿ ತಿರುಗಿಸಿದರೆ ಬಿಸಿನೀರು ಮೂರನೆಯ ಮಹಡಿಯಿಂದ ಇಳಿಯುವ ಹೊತ್ತಿಗೆ ಅರ್ಧ ಬಕೆಟ್ ತಣ್ಣೀರು ಹರಿದು ಹೋಗುತ್ತದೆ. ಕರೆಂಟು ಉಳಿಸಲು ಹೋಗಿ ನೀರು ಚೆಲ್ಲುವ ಊರು ನಮ್ಮದು. ಜಡಿಮಳೆಯ ಆಷಾಢದಲ್ಲಿ ಮತ್ತೆ ಗೀಸರೇ ಗತಿ. ಮೀಟರು ಬರುವವರೆಗೆ ಛಾವಣಿಯಲ್ಲಿದ್ದು, ಬಂದ ಮೇಲೆ ಕಾಣೆಯಾದ ಫಲಕವನ್ನೂ ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಆದರೂ ಕಳ್ಳದಾರಿ ಹುಡುಕುವ ಮಟ್ಟಿಗೆ ಜನ ಒಂದು ಕಾನೂನನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ ಎಂದರೆ ಅದು ಕೆಲಸ ಮಾಡಿದೆ ಎಂದೇ ಅರ್ಥ.

ಎಲ್.ಇ.ಡಿ.ಯ ಕಥೆ ಚಿಕ್ಕದು. ಕೇಂದ್ರ ಸರ್ಕಾರದ ಕಂಪನಿ ಇ.ಇ.ಎಸ್.ಎಲ್. ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಿಗೆ ಟೆಂಡರ್ ಕರೆದು ಕೊಂಡಿತು. 2014ರಲ್ಲಿ 310 ರೂಪಾಯಿ ಇದ್ದ ಖರೀದಿ ಬೆಲೆ 2016ಕ್ಕೆ 38ಕ್ಕೆ ಬಿತ್ತು. ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ 2015ರ ಡಿಸೆಂಬರಿನಿಂದ 9 ವ್ಯಾಟಿನ ಬಲ್ಬು ನೂರು ರೂಪಾಯಿಗೆ ಬೆಸ್ಕಾಂ ಕೌಂಟರುಗಳಲ್ಲಿ ಮಾರಾಟವಾಯಿತು. ಬಿಲ್ಲು ಕಟ್ಟಲು ಬಂದವರು ಬಲ್ಬು ಹಿಡಿದು ಮನೆಗೆ ಹೋದರು. 60 ವ್ಯಾಟಿನ ಬಲ್ಬನ್ನು ನಮ್ಮ ಮನೆಗಳಿಂದ ಓಡಿಸಿದ್ದು ನಿಷೇಧವಲ್ಲ, ಆ ಟೆಂಡರು. ಮೈಸೂರು ಲ್ಯಾಂಪ್ ವರ್ಕ್ಸ್ ಅದನ್ನು ನೋಡಲಿಲ್ಲ. 2003ರಲ್ಲೇ ಬಾಗಿಲು ಹಾಕಿತ್ತು.

ಬಿನ್ನಿ ಮಿಲ್ಲೂ ಇಲ್ಲ. ಆ ನೆಲದಲ್ಲಿ ಮಾಲ್ ಬಂದಿದೆ, ಅಪಾರ್ಟ್‌ಮೆಂಟಿನ ಗೋಪುರಗಳು ಎದ್ದಿವೆ; 2015ರಿಂದ ಮಾಗಡಿ ರಸ್ತೆಯ ಮೆಟ್ರೋ ನಿಲ್ದಾಣ ಪಕ್ಕದಲ್ಲೇ ಇದೆ. ಗೋಪುರ ಎತ್ತರವಾದಷ್ಟೂ ಮನೆಗಳು ಹೆಚ್ಚು, ಛಾವಣಿ ಮಾತ್ರ ಅಷ್ಟೇ. ಹಾಗಾಗಿ ಬೆಂಗಳೂರಿನ ಎತ್ತರದ ಕಟ್ಟಡಗಳಲ್ಲಿ ಸೋಲಾರ್ ನೀರು ಸಾಮಾನ್ಯವಾಗಿ ಮೇಲಿನ ಕೆಲವು ಮಹಡಿಗಳ ಭಾಗ್ಯ. ಕೆಳಗಿನವರಿಗೆ ಮತ್ತೆ ಗೀಸರು. ಒಂದು ಲೆಕ್ಕದಲ್ಲಿ ಬಿನ್ನಿಪೇಟೆ ಈಗ ಪೂರ್ತಿ ಎ.ಇ.ಎಚ್. ಆಗಿದೆ.

ಗೀಸರಿನ ಮೇಲೂ ನಕ್ಷತ್ರ ಇದೆ. ಆದರೆ ಅದು ಹೇಳುವುದು ಏನು ಗೊತ್ತೇ? ಕಾದ ನೀರು ಟ್ಯಾಂಕಿನಲ್ಲಿ ಸುಮ್ಮನೆ ಕೂತಾಗ ಎಷ್ಟು ಶಾಖ ಸೋರುತ್ತದೆ ಎಂಬುದನ್ನು ಮಾತ್ರ. ನೀರು ಕಾಯಿಸುವ ಕರೆಂಟಿನಲ್ಲಿ ಒಂದು ನಕ್ಷತ್ರಕ್ಕೂ ಐದು ನಕ್ಷತ್ರಕ್ಕೂ ವ್ಯತ್ಯಾಸ ಇಲ್ಲವೆಂದೇ ಹೇಳಬೇಕು, ಏಕೆಂದರೆ ಕಾಯಿಲ್ ತನಗೆ ಬಂದ ಕರೆಂಟನ್ನೆಲ್ಲ ಶಾಖ ಮಾಡುತ್ತದೆ. ಆ 0.63 ಯೂನಿಟ್ಟನ್ನು ಯಾವ ನಕ್ಷತ್ರವೂ ತಗ್ಗಿಸಲಾರದು. ಸೂರ್ಯನಾದರೆ ತಗ್ಗಿಸಬಲ್ಲ. 2007ರ ಆದೇಶ 2006ರ ಚೀಟಿಗಿಂತ ದೊಡ್ಡದು ಎಂದು ನಾನು ವಾದಿಸುವುದು ಇದೇ ಕಾರಣಕ್ಕೆ.

ಕೊನೆಯ ತಿರುವು 2023ರ ಗೃಹಜ್ಯೋತಿ, ರಾಜ್ಯ ಸರ್ಕಾರ ಮನೆಗಳಿಗೆ ಕೊಟ್ಟ ಉಚಿತ ಕರೆಂಟು. ಕಲಬುರಗಿಯಲ್ಲಿ ಅದಕ್ಕೆ ಚಾಲನೆ ಸಿಕ್ಕ ದಿನ ಆಗಸ್ಟ್ 5. ಬೆಂಗಳೂರಿಗೆ ದೀಪ ಬಂದು ಅಂದಿಗೆ ಸರಿಯಾಗಿ 118 ವರ್ಷ. ಇನ್ನೂರು ಯೂನಿಟ್ಟಿನವರೆಗೆ ಉಚಿತ, ಆದರೆ ಎಲ್ಲರಿಗೂ ಇನ್ನೂರಲ್ಲ. ಶುರುವಿನ ನಿಯಮ ಹೀಗಿತ್ತು: ಹಿಂದಿನ ವರ್ಷದ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ನೂರಕ್ಕೆ ಹತ್ತು. ಬಾಡಿಗೆದಾರರಿಗೂ ಇದು ಸಿಕ್ಕಿತು, ಅದು ಒಳ್ಳೆಯದೇ ಆಯಿತು. ಆದರೆ ಲೆಕ್ಕ ನೋಡಿ: ಎಲ್.ಇ.ಡಿ. ಹಾಕಿ, ಸೋಲಾರ್ ಹಾಕಿಸಿ, 60 ಯೂನಿಟ್ಟಿಗೆ ಇಳಿದಿದ್ದ ಮನೆಗೆ 66 ಉಚಿತ. ಗೀಸರು ಆರಿಸಲು ಮರೆಯುತ್ತಿದ್ದ ಪಕ್ಕದ ಮನೆಯ ಸರಾಸರಿ 170 ಇದ್ದರೆ ಅವರಿಗೆ 187. ಇಪ್ಪತ್ತು ವರ್ಷ ಉಳಿಸಿ ಉಳಿಸಿ ಎಂದ ಸರ್ಕಾರ, ಹಂಚುವ ದಿನ ಉಳಿಸಿದವರ ಎಲೆಗೆ ಕಡಿಮೆ ಬಡಿಸಿತು.

ಬಾಡಿಗೆ ಮನೆಗಳ ಕಥೆ ಇನ್ನೂ ಬಾಕಿಯಿದೆ. ಬಿನ್ನಿಪೇಟೆ, ಕೆ.ಪಿ. ಅಗ್ರಹಾರ, ಗೋರಿಪಾಳ್ಯದ ಸಾಲುಮನೆಗಳಲ್ಲಿ ಗೀಸರು ಕೊಳ್ಳುವವರು ಮಾಲೀಕರು. ಅವರು ನೋಡುವುದು ಅಂಗಡಿಯ ಬೆಲೆ. ಅದನ್ನು ಹತ್ತು ವರ್ಷ ಉರಿಸುವವರು ಬಾಡಿಗೆದಾರರು. ಚೀಟಿಯನ್ನು ಓದುವವರು ಒಬ್ಬರು, ಅದರ ಫಲ ಉಣ್ಣುವವರು ಇನ್ನೊಬ್ಬರು. ಮುಂದಿನ ಸಲ ಬಾಡಿಗೆ ಮನೆ ನೋಡಲು ಹೋದಾಗ, ನೀರು ಕಾವೇರಿಯೋ ಬೋರ್‌ವೆಲ್ಲೋ ಎಂದು ಕೇಳುವ ಉಸಿರಲ್ಲೇ ಛಾವಣಿಯ ಸೋಲಾರ್ ನಮ್ಮ ಬಚ್ಚಲಿಗೂ ಬರುತ್ತದೆಯೇ ಎಂದು ಕೇಳಿ. ಅಡ್ವಾನ್ಸ್ ಕೊಡುವ ಮೊದಲೇ ಕೇಳಿ. ಬಿಲ್ಲಿನ ಮೇಲಿರುವ ಹೆಸರು ಮಾಲೀಕರದು, ಕಟ್ಟುವ ದುಡ್ಡು ನಿಮ್ಮದು.